ಕೈ ಎತ್ತದ ಎರಡು ಸೆಕೆಂಡು

ಹ್ಯಾರೋ ಕ್ರೀಕ್, ಓಹಾಯೋ
೨೯ ಜೂನ್ ೧೯೭೮

ಮಿಸ್ಟರ್ ಹ್ರಾಬಿಕ್,

ಕುಶಲ ಕೇಳಲು ಈ ಕಾಗದ ಬರೆಯುತ್ತಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಅದಕ್ಕೆ ಕಾರಣ ಯಾರೆಂದು ನಿಮಗೇ ಗೊತ್ತು.

ಜೂನ್ ಹತ್ತರ ಶನಿವಾರ, ನಮ್ಮ ಗುಂಡು ಹೊಡೆಯುವ ಕ್ಲಬ್ಬಿನ ಪಂದ್ಯದಲ್ಲಿ, ಕ್ಷಿಪ್ರ ಸುತ್ತಿನ ನಾಲ್ಕನೇ ಹೊಡೆತಕ್ಕೆ ನಮ್ಮಪ್ಪನ ರಿವಾಲ್ವರ್ ನನ್ನ ಕೈಯಲ್ಲೇ ಸೀಳಿತು. ಉಕ್ಕಿನ ಚೂರೊಂದು ಬಲಗೈಯ ತೋರುಬೆರಳನ್ನು ಗಿಣ್ಣಿನ ತನಕ ಸಿಗಿಯಿತು. ಹನ್ನೊಂದು ಹೊಲಿಗೆ. ಬೆರಳು ಉಳಿದಿದೆ, ಪೂರ್ತಿ ಮಡಚುವುದಿಲ್ಲ. ನಾನು ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ನೀವು ಅರಿಜೋನಾದಲ್ಲಿ ಮಗಳ ಮನೆ ಸೇರಿದ್ದಿರಿ. ಹನ್ನೊಂದು ವರ್ಷ ಕ್ಲಬ್ಬಿನ ನೆಲಮಾಳಿಗೆ ಬಿಟ್ಟು ಅಲ್ಲಾಡದ ಮನುಷ್ಯ ಮೂರೇ ದಿನದಲ್ಲಿ ಎರಡು ಸಾವಿರ ಮೈಲಿ ಓಡಿದ.

ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಡೇಲ್ ಹಾಫೆಕರ್ ಉಕ್ಕಿನ ಕಾರ್ಖಾನೆಗೆ ಒಂದು ವರದಿ ಕೊಟ್ಟಿದ್ದಾನೆ. "ಶ್ರೀಮತಿ ಟಬ್ಸ್ ತಾನೇ ಕಟ್ಟಿಕೊಂಡ ತೋಟಾಗಳನ್ನು ಬಳಸಿದ್ದರಿಂದ ಅಪಘಾತ" ಎಂದು ಅದರಲ್ಲಿದೆ. ಅದನ್ನು ಹಿಡಿದುಕೊಂಡು ಸುರಕ್ಷತಾ ಕಚೇರಿಯವರು ನನ್ನನ್ನು ಕ್ರೇನಿನಿಂದ ಇಳಿಸಿದ್ದಾರೆ. ಒಂದು ಚಿಟಿಕೆ ಮದ್ದನ್ನು ಸರಿಯಾಗಿ ಅಳೆಯಲಾರದವಳ ಕೈಗೆ, ಜನರ ತಲೆಯ ಮೇಲೆ ಹಾಯುವ ನಲವತ್ತು ಟನ್ ಕಾದ ಉಕ್ಕನ್ನು ಕೊಡುವುದು ಹೇಗೆ, ಇದು ಅವರ ಪ್ರಶ್ನೆ. ಸೆಪ್ಟೆಂಬರ್ ಹನ್ನೆರಡಕ್ಕೆ ವಿಚಾರಣೆ. ಅಲ್ಲಿ ಸೋತರೆ ನನ್ನ ಜಾಗ ಕಲ್ಲಿದ್ದಲು ಬೇಯಿಸುವ ಕೋಕ್ ಒಲೆಯ ನೆತ್ತಿಯ ಮೇಲೆ. ನಮ್ಮಪ್ಪ ಮೂವತ್ತೊಂದು ವರ್ಷ ಹೊಗೆ ನುಂಗಿ ಸತ್ತ ಜಾಗ ಅದು. ಈ ಕಾರ್ಖಾನೆ ಕರಿಯರಿಗೆಂದೇ ಎತ್ತಿಟ್ಟ ಜಾಗ.

ಆವತ್ತು ನನ್ನ ಕೈಗೆ ಬಂದ ಪೆಟ್ಟಿಗೆಯ ಐವತ್ತು ತೋಟಾ ಕಟ್ಟಿದವರು ನೀವು. ಒಂದರಲ್ಲಿ ಮದ್ದು ಎರಡು ಪಾಲು ಬಿದ್ದಿತ್ತು. ತಂಡದ ನಾಲ್ವರಿಗೂ ನೀವೇ ಕಟ್ಟುತ್ತಿದ್ದಿರಿ, ಕ್ಲಬ್ಬಿನ ಗೋಡೆಗೂ ಇದು ಗೊತ್ತು. ಆದರೆ ಗೋಡೆ ಸಾಕ್ಷಿ ಹೇಳುವುದಿಲ್ಲ, ಹಾಫೆಕರನೂ ಹೇಳುವುದಿಲ್ಲ. ನೀವು ಎರಡು ಸಾಲು ಬರೆದು ಸಹಿ ಹಾಕಿ. "ಪೆಟ್ಟಿಗೆ ನನ್ನದು." ಅಷ್ಟು ಸಾಕು.

ಒಡೆಸಾ ಟಬ್ಸ್


ಟೂಸಾನ್, ಅರಿಜೋನಾ
೮ ಜುಲೈ ೧೯೭೮

ಒಡೆಸಾ,

ನಾನು ಓಡಿ ಬಂದಿಲ್ಲ. ಮಗಳು ಐರಿನ್ ಕರೆದಳು, ಬಂದೆ. ನಿನಗೆ ಹೇಳಿ ಬರಬೇಕಿತ್ತೇನು?

ಕ್ಲಬ್ಬಿನ ಮೆಟ್ಟಿಲಿಳಿದರೆ ಎದುರು ಗೋಡೆಯಲ್ಲಿ ಏನು ಬರೆದಿದೆ? "ಇನ್ನೊಬ್ಬರು ಕಟ್ಟಿದ ತೋಟಾ ಹೊಡೆಯಕೂಡದು." ಕೆಂಪು ಬಣ್ಣದ ಅಕ್ಷರ, ಒಂದೊಂದೂ ಅಂಗೈಯಗಲ. ಹೊಡೆಯುವವರ ಕೈಯಲ್ಲಿರುವ ತೋಟಾಕ್ಕೆ ಹೊಡೆಯುವವರೇ ಹೊಣೆ. ಹಾಗಾದ ಮೇಲೆ ನಿನ್ನ ಪೆಟ್ಟಿಗೆ ನಿನ್ನದು.

ಎರಡು ಪಾಲು ಮದ್ದಂತೆ. ಈ ಪಾಠ ಯಾರು ಹೇಳಿಕೊಟ್ಟರು ನಿನಗೆ? ಎರಡು ಪಾಲು ಬಿದ್ದರೆ ಮೊದಲು ಸೀಳುವುದು ಸಿಲಿಂಡರು, ಮೇಲಿನ ಪಟ್ಟಿ ಹಾರಿ ಹೋಗುತ್ತದೆ. ಹೋಗಿ ನಳಿಗೆ ನೋಡು. ಹಾಫೆಕರನ ಬೀರುವಿನಲ್ಲಿದೆ. ನೋಡಲು ಬರುವುದಾದರೆ ನೋಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೂವತ್ತೈದು ವರ್ಷ ಲೇತಿನ ಮೇಲೆ ಕೂದಲೆಳೆಯಷ್ಟು ತಪ್ಪದೆ ಉಕ್ಕು ಕಡೆದವನು ನಾನು. ಕ್ಲಬ್ಬಿನ ಕಪಾಟಿನಲ್ಲಿರುವ ಎಂಟು ರಾಜ್ಯಮಟ್ಟದ ಟ್ರೋಫಿಗಳ ಹಿಂದೆ ಯಾರು ಕಟ್ಟಿದ ತೋಟಾ ಇತ್ತೆಂದು ಅವರಿವರನ್ನು ಕೇಳು. ನನ್ನ ಹೆಸರಿಗೆ ಮಸಿ ಬಳಿದು ನಿನ್ನ ಕ್ರೇನ್ ಉಳಿಸಿಕೊಳ್ಳಬೇಡ.

ವಾಲ್ಟರ್ ಹ್ರಾಬಿಕ್


ಹ್ಯಾರೋ ಕ್ರೀಕ್
೧೪ ಜುಲೈ ೧೯೭೮

ಮಿಸ್ಟರ್ ಹ್ರಾಬಿಕ್,

ನಾನು ನಿಮಗೆ ಮಿಸ್ಟರ್ ಹಚ್ಚುತ್ತೇನೆ, ನೀವು ನನ್ನನ್ನು ಮನೆಗೆಲಸದವಳನ್ನು ಕೂಗಿದ ಹಾಗೆ ಕೂಗುತ್ತೀರಿ. ಇರಲಿ. ಇದೇನು ಹೊಸದಲ್ಲ.

ಗೋಡೆಯ ಬರಹ ನನಗೆ ನೆನಪಿಸಬೇಡಿ. ಆ ಗೋಡೆಗೆ ಬೆನ್ನು ಮಾಡಿಕೊಂಡೇ ಪ್ರತಿ ಸೋಮವಾರ ನೀವು ಬೆಂಚಿಗೆ ಕೂರುತ್ತಿದ್ದಿರಿ. ಮದ್ದಿಗೆ ಕಿಡಿ ಹತ್ತಿಸುವ ಹಳೇ ಕೇಪು ಕಿತ್ತು ಹೊಸದು ಕೂರಿಸಿ, ಐವತ್ತು ತೂತಿನ ಮರದ ಹಲಗೆಯಲ್ಲಿ ಹಿತ್ತಾಳೆ ಕೊಳವೆಗಳನ್ನು ನಿಲ್ಲಿಸಿ, ಅಳತೆಯ ಹಿಡಿ ಎಳೆದು ಒಂದೊಂದಕ್ಕೂ ಮದ್ದು ಸುರಿದು, ಮೇಲೊಂದು ಸೀಸದ ಗುಂಡು ಒತ್ತುತ್ತಿದ್ದಿರಿ. ನಾನೂ ಒಂದು ಬೆಂಚು ಕೇಳಿದೆ. ನನ್ನ ತೋಟಾ ನಾನೇ ಕಟ್ಟುತ್ತೇನೆ ಅಂದೆ. ಎರಡು ವರ್ಷದ ಹಿಂದಿನ ಮಾತು. ನೀವು ಏನಂದಿರಿ? "ನಿನಗ್ಯಾಕಮ್ಮ ಈ ಮಸಿ ಕೆಲಸ, ತಂಡದ ತೋಟಾ ಒಂದೇ ಕೈಯಿಂದ ಬರ್ಬೇಕು, ಅದು ನನ್ನ ಕೈ." ಕಟ್ಟಲು ಬಿಡಲಿಲ್ಲ. ಈಗ ಸಿಡಿದ ಮೇಲೆ ನೀನೇ ಕಟ್ಟಿದ್ದು ಅನ್ನುತ್ತೀರಿ. ನಿಯಮ ಗೋಡೆಯ ಮೇಲಿರುವುದು ನಮ್ಮಂಥವರ ಕೊರಳಿಗೆ ಕಟ್ಟಲು. ನಿಮ್ಮಂಥವರಿಗೆ ಅದು ಬರೀ ಸುಣ್ಣ ಬಣ್ಣ.

ಕ್ಲಬ್ಬಿನ ಪಿಕ್‌ನಿಕ್ಕಿಗೆ ನಾನು ತಂದ ಸಿಹಿಗೆಣಸಿನ ಪೈಯನ್ನು ಯಾರೂ ಮುಟ್ಟಲಿಲ್ಲ, ನೆನಪಿದೆಯೆ? ನೀವು ತಿಂದಿರಿ. ಎರಡು ತುಂಡು. ಎಲ್ಲರೂ ಚೆಂಡಾಟಕ್ಕೆ ಹೋದ ಮೇಲೆ, ಆಚೀಚೆ ನೋಡಿ. ಆವತ್ತೇ ನಿಮ್ಮನ್ನು ಅಳೆದೆ. ರುಚಿ ಗೊತ್ತಿರುವ, ಗೊತ್ತೆಂದು ನಾಲ್ಕು ಜನರೆದುರು ಹೇಳಲಾರದ ಮನುಷ್ಯ.

ನಳಿಗೆ ನೋಡಿದೆ. ಹಾಫೆಕರ್ ಬೀರು ತೆಗೆಯಲು ಅರ್ಧ ಗಂಟೆ ಗೊಣಗಿದ. ಬುಡದಲ್ಲಿ ಕಪ್ಪೆ ನುಂಗಿದ ಹಾವಿನ ಹಾಗೆ ಊದಿಕೊಂಡಿದೆ, ಅಲ್ಲಿಂದ ಸೀಳಿದೆ. ಸಿಲಿಂಡರಿಗೆ ಏನೂ ಆಗಿಲ್ಲ. ಒಪ್ಪಿದೆ, ಎರಡು ಪಾಲಲ್ಲ. ಸೊನ್ನೆ ಪಾಲು. ಒಂದು ಕೊಳವೆಗೆ ಮದ್ದೇ ಬೀಳಲಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಒಂದು ಬೆರಳಷ್ಟು ದೂರ ಹೋಗಿ ಸಿಕ್ಕಿಕೊಂಡಿತು, ಹಿಂದೆ ಬಂದ ಗುಂಡು ಅದಕ್ಕೆ ಗುದ್ದಿತು. ಮದ್ದು ಹೆಚ್ಚಾಯಿತೆಂದು ಬೈದಿದ್ದೆ, ಮರೆತಿರೆಂದು ತಿದ್ದಿಕೊಳ್ಳುತ್ತೇನೆ. ಮರೆತ ಕೈ ನಿಮ್ಮದೇ.

ಪ್ರತಿ ಪೆಟ್ಟಿಗೆಯಲ್ಲೂ ನೀವು ಇಡುವ ಚೀಟಿ ಅದರಲ್ಲೂ ಇತ್ತು. ಕಟ್ಟಿದವರ ಹೆಸರು, ತಾರೀಖು, ಮದ್ದಿನ ತೂಕ. ಆ ಪೆಟ್ಟಿಗೆ ಈಗ ಎಲ್ಲೂ ಇಲ್ಲ. ಹಾಫೆಕರ್ "ಕಸದವರು ಒಯ್ದಿರಬೇಕು ಬಿಡಮ್ಮ" ಅನ್ನುತ್ತಾನೆ. ಕಸದವರು ತುಂಬಿದ ತೋಟಾ ಒಯ್ಯುತ್ತಾರೆಯೆ?

ಒಡೆಸಾ ಟಬ್ಸ್


ಟೂಸಾನ್
೨೭ ಜುಲೈ ೧೯೭೮

ಒಡೆಸಾ,

ನಿನ್ನ ಕಾಗದವನ್ನು ಐರಿನ್ ಗಟ್ಟಿಯಾಗಿ ಓದಿದಳು. ಪೈ ವಿಷಯ ಬಂದಾಗ ನಕ್ಕಳು. ನನಗೆ ನಗು ಬರಲಿಲ್ಲ.

ನನ್ನ ಕೈ ಮರೆಯಿತಂತೆ. ಒಂದು ಲಕ್ಷಕ್ಕೂ ಮೀರಿ ತೋಟಾ ಕಟ್ಟಿದ ಕೈ ಇದು. ಹಿಡಿ ಎಳೆದಾಗ ಟಕ್ ಅನ್ನಬೇಕು, ಬಿಟ್ಟಾಗ ಇನ್ನೊಂದು ಟಕ್ ಅನ್ನಬೇಕು. ಆ ಎರಡು ಟಕ್ ತಪ್ಪಿದರೆ ನಿದ್ದೆಯಲ್ಲೂ ಎಚ್ಚರಾಗುತ್ತೇನೆ. ಬೇಕಾದರೆ ಕೇಳು, ಉಳಿದ ಇಪ್ಪತ್ತೈದನ್ನೂ ಬಿಚ್ಚಿ ನೋಡಿದ್ದೇನೆ. ಒಂದೊಂದರ ಮದ್ದನ್ನೂ ತಕ್ಕಡಿಗೆ ಹಾಕಿ ತೂಗಿದ್ದೇನೆ. ಇಪ್ಪತ್ತೈದರಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕಾಳು ಆರಿಸಿದ ಹಾಗಿದೆ. ಇದು ಮರೆತವನ ಕೆಲಸವೆ?

ಈಗ ನನ್ನ ಪ್ರಶ್ನೆಗೆ ಬಾ. ಮದ್ದಿಲ್ಲದ ತೋಟಾ ಢಂ ಅನ್ನುವುದಿಲ್ಲ, ಪುಸ್ ಅನ್ನುತ್ತದೆ. ಕೈಗೆ ಒದೆತವೇ ಇರುವುದಿಲ್ಲ. ಕಿವುಡರಿಗೂ ಕೈಯಿಂದ ತಿಳಿಯುತ್ತದೆ. ಅಂಥ ಶಬ್ದ ಬಂದರೆ ಹೊಡೆಯುವುದು ನಿಲ್ಲಿಸಿ ಖಾಲಿ ಕೈ ಎತ್ತಬೇಕು. 'ನೆಪ' ಅಂತ ಕೂಗಬೇಕು, ಪಂದ್ಯದ ಭಾಷೆಯಲ್ಲಿ ತೋಟಾ ಕೈಕೊಟ್ಟಿದೆ ಅಂತ. ಮೇಲ್ವಿಚಾರಕ ಬಂದು ನಳಿಗೆಯೊಳಗೆ ಕಡ್ಡಿ ತೂರಿಸಿ ನೋಡುತ್ತಾನೆ, ಸುತ್ತು ಮತ್ತೆ ಹೊಡೆಯಲು ಕೊಡುತ್ತಾನೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳುವ ಪಾಠ ಇದು. ಮೂರನೇ ಹೊಡೆತ ಪುಸ್ ಅಂದಿತು, ನಾಲ್ಕನೆಯದಕ್ಕೆ ಸಿಡಿಯಿತು. ನಡುವೆ ಎರಡು ಸೆಕೆಂಡು ಇತ್ತು.

ನೀನು ಕೈ ಯಾಕೆ ಎತ್ತಲಿಲ್ಲ? ಇದಕ್ಕೆ ಉತ್ತರ ಬರೆ. ಆಮೇಲೆ ನನ್ನ ಸಹಿ ಕೇಳು.

ವಾಲ್ಟರ್ ಹ್ರಾಬಿಕ್


ಹ್ಯಾರೋ ಕ್ರೀಕ್
೩ ಆಗಸ್ಟ್ ೧೯೭೮

ವಾಲ್ಟರ್,

ಇನ್ನು ಮಿಸ್ಟರ್ ಇಲ್ಲ. ನೀನು ನನ್ನನ್ನು ಹೇಗೆ ಕರೆಯುತ್ತೀಯೋ ನಾನೂ ನಿನ್ನನ್ನು ಹಾಗೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪೆಟ್ಟಿಗೆ ನನ್ನದಲ್ಲ ಅಂದವನು ನೀನು. ಪೆಟ್ಟಿಗೆ ಕಳೆದಿದೆ ಅಂದವನು ಹಾಫೆಕರ್. ನಿಧಾನ ಸುತ್ತಿಗೆ ಹತ್ತು, ಮಧ್ಯದ ಸುತ್ತಿಗೆ ಹತ್ತು, ಕ್ಷಿಪ್ರದ ಮೊದಲ ಸರದಿಗೆ ರಿವಾಲ್ವರಿಗೆ ತುಂಬಿದ್ದು ಐದು. ಐವತ್ತರಲ್ಲಿ ಪೆಟ್ಟಿಗೆಯೊಳಗೆ ಉಳಿದದ್ದು ಇಪ್ಪತ್ತೈದು. ಆ ಇಪ್ಪತ್ತೈದು ಅರಿಜೋನಾದಲ್ಲಿ ನಿನ್ನ ತಕ್ಕಡಿಗೆ ಹೇಗೆ ಬಂದವು?

ನನ್ನ ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಎಲ್ಲರೂ ಟವೆಲ್ಲು ಹುಡುಕುತ್ತಿದ್ದರು. ನೀನು ಪೆಟ್ಟಿಗೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಚೀಟಿ ಕಳಿಸು.

ಒಡೆಸಾ


ಹ್ಯಾರೋ ಕ್ರೀಕ್
೧೭ ಆಗಸ್ಟ್ ೧೯೭೮

ವಾಲ್ಟರ್,

ಎರಡು ವಾರ ಆಯಿತು. ನಿನ್ನ ಬಾಯಿಗೆ ಬೀಗ ಬಿದ್ದಿದೆ.

ನನ್ನನ್ನು ಕೋಕ್ ಒಲೆಗೆ ಹಾಕಿದ್ದಾರೆ. ವಿಚಾರಣೆ ಮುಗಿಯುವ ತನಕ ಮಾತ್ರ ಅನ್ನುತ್ತಾರೆ. ಒಲೆಯ ನೆತ್ತಿಯ ಮೇಲೆ ನಡೆಯಲು ಮರದ ಅಟ್ಟೆ ಕಟ್ಟಿದ ಬೂಟು ಕೊಟ್ಟರು. ಎರಡನೇ ದಿನ ಅಟ್ಟೆಯಿಂದ ಹೊಗೆ ಬಂತು. ಪಕ್ಕದಲ್ಲಿದ್ದ ಮುದುಕ ರೂಫಸ್, "ನಿಮ್ಮಪ್ಪ ಇದೇ ಮುಚ್ಚಳದ ಮೇಲೆ ಉಗುಳ್ತಿದ್ದ ಕಣವ್ವ, ಉಗುಳು ಚುಂಯ್ ಅಂದ ತಕ್ಷಣ ಪಾಳಿ ಶುರು ಅಂತಿದ್ದ" ಅಂದ. ನಾನೂ ಉಗುಳಿದೆ. ಚುಂಯ್ ಅಂದಿತು. ಅಪ್ಪನ ಉಗುಳು ಕರಿಯಾಗಿತ್ತು. ನನ್ನದು ಇನ್ನೂ ಆಗಿಲ್ಲ. ಒಂದು ವರ್ಷ ಬಿಟ್ಟರೆ ಆಗುತ್ತದೆ.

ಅಪ್ಪನಿಗೆ ನಿಮ್ಮ ಕ್ಲಬ್ಬಿನ ಬಾಗಿಲು ತೆರೆಯಲೇ ಇಲ್ಲ. ಎಲ್ಲ ನೌಕರರಿಗೆ ಅಂತ ಬೋರ್ಡಿತ್ತು, ಎಲ್ಲ ಅಂದರೆ ಬಿಳಿಯರು. ಅವನು ಹೊಳೆದಂಡೆಯಲ್ಲಿ ಬೀನ್ಸಿನ ಖಾಲಿ ಡಬ್ಬ ಸಾಲಾಗಿಟ್ಟು ಹೊಡೆಯುತ್ತಿದ್ದ. ಅವನು ಸತ್ತು ಎರಡು ವರ್ಷಕ್ಕೆ ಬಾಗಿಲು ತೆರೆಯಿತು. ಅವನ ರಿವಾಲ್ವರ್ ಹಿಡಿದು ನಾನು ಒಳಗೆ ಬಂದೆ. ಈಗ ಅದು ಹಾಫೆಕರನ ಬೀರುವಿನಲ್ಲಿ ಎರಡು ತುಂಡಾಗಿ ಬಿದ್ದಿದೆ.

ನಿನ್ನ ಜುಲೈ ಇಪ್ಪತ್ತೇಳರ ಕಾಗದವನ್ನು ಹಾಫೆಕರನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಬಿಚ್ಚಿದೆ ಅಂದಿದ್ದಾನೆ, ಕಟ್ಟಿದೆ ಅಂದಿಲ್ಲವಲ್ಲಮ್ಮ" ಅಂದ. ವಕೀಲನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಅವನು.

ಇನ್ನು ಇಪ್ಪತ್ತಾರು ದಿನ. ಚೀಟಿ ಕಳಿಸು.

ಒಡೆಸಾ


[ಅಂಚೆ ಕಾರ್ಡು]

ಟೂಸಾನ್
೨೪ ಆಗಸ್ಟ್ ೧೯೭೮

ಕೈ ಯಾಕೆ ಎತ್ತಲಿಲ್ಲ?

ವಾ. ಹ್ರಾ.


ಹ್ಯಾರೋ ಕ್ರೀಕ್
೩೦ ಆಗಸ್ಟ್ ೧೯೭೮

ವಾಲ್ಟರ್,

ನಿನ್ನ ಕಾರ್ಡನ್ನು ಒಲೆಗೆ ಹಾಕಲು ಹೋದೆ. ಹಾಕಲಿಲ್ಲ. ಮೂರು ದಿನ ಬೂಟಿನೊಳಗೆ ಇಟ್ಟುಕೊಂಡು ಓಡಾಡಿದೆ. ಈಗ ಬರೆಯುತ್ತೇನೆ. ಇದನ್ನು ಹಾಫೆಕರನಿಗೆ ಹೇಳಿಲ್ಲ, ನಮ್ಮ ಯೂನಿಯನ್ನಿನವನಿಗೆ ಹೇಳಿಲ್ಲ, ನಮ್ಮಮ್ಮನಿಗೂ ಹೇಳಿಲ್ಲ.

ಕೇಳಿಸಿತು. ಪುಸ್ ಅಂದದ್ದು ನನಗೆ ಕೇಳಿಸಿತು. ಕೈಗೆ ಒದೆತ ಬರಲಿಲ್ಲ, ಅದೂ ತಿಳಿಯಿತು. ಆ ಎರಡು ಸೆಕೆಂಡಿನಲ್ಲಿ ಕೈ ಎತ್ತಬೇಕು ಅನ್ನುವುದೂ ತಿಳಿದಿತ್ತು. ಹೊಡೆಯುವುದು ಬಲಗೈ ಒಂದರಲ್ಲೇ, ಎಡಗೈ ಜೇಬಿನಲ್ಲಿತ್ತು. ಅದು ಜೇಬಿನಿಂದ ಹೊರಗೆ ಬರಲಿಲ್ಲ.

ಯಾಕೆ ಬರಲಿಲ್ಲ? ಏಪ್ರಿಲ್ ಹದಿನೈದು ಜ್ಞಾಪಿಸಿಕೋ.

ಏಪ್ರಿಲ್ ಹದಿನೈದು, ಶನಿವಾರ, ಪಕ್ಕದ ಕಣಿವೆಯವರ ಜೊತೆ ಪಂದ್ಯ. ಕ್ಷಿಪ್ರ ಸುತ್ತಿನ ಎರಡನೇ ಹೊಡೆತ ಸೊರಗಿದಂತೆ ಕೇಳಿಸಿತು. ನಿಲ್ಲಿಸಿದೆ. ಕೈ ಎತ್ತಿದೆ. ಪಾಠದಲ್ಲಿ ಹೇಳಿದ ಹಾಗೆ 'ನೆಪ' ಅಂತ ಕೂಗಿದೆ. ಇಡೀ ಸಾಲು ನಿಂತಿತು. ಹಾಫೆಕರ್ ಕಡ್ಡಿ ತೂರಿಸಿ, "ಸಾಫಾಗಿದೆಯಲ್ಲ ತಾಯಿ, ಗುಂಡು ಆಚೆ ಹೋಗಿದೆ" ಅಂದ. "ಶಬ್ದ ಸಣ್ಣಗಿತ್ತು" ಅಂದೆ. ಹಿಂದಿನ ಬೆಂಚಿನಿಂದ ನೀನು ಬಾಯಿ ಹಾಕಿದೆ.

"ಹೆಂಗಸರಿಗೆ ಮನೇಲೂ ನೆಪ, ಇಲ್ಲೂ ನೆಪ. ಮೋಡ ಆದ್ರೂ ತಲೆನೋವು, ಬಿಸಿಲು ಬಂದ್ರೂ ತಲೆನೋವು."

ಇಪ್ಪತ್ತು ಗಂಡಸರು ನಕ್ಕರು. ಎದುರಾಳಿ ತಂಡದವರೂ ನಕ್ಕರು. ಯಾರೋ ಒಬ್ಬ, "ಅವಳು ಕೈ ಎತ್ತಿದ್ದು ಗುಂಡಿಗಲ್ಲ ಕಣ್ರೋ, ಕಕ್ಕಸಿಗೆ ಹೋಗಕ್ಕೆ. ಬಿಟ್ ಬಿಡಿ ಪಾಪ" ಅಂದ. ಮತ್ತೆ ನಗು. ಮತ್ತೆ ಹೊಡೆಯುವಾಗ ಎರಡು ಗುಂಡು ವೃತ್ತದ ಆಚೆ ಹೋದವು. ತಂಡ ನಾಲ್ಕು ಅಂಕದಲ್ಲಿ ಸೋತಿತು. ಆ ನಾಲ್ಕೂ ನನ್ನ ತಲೆಗೆ.

ಅಲ್ಲಿಗೆ ಮುಗಿಯಲಿಲ್ಲ. ಸೋಮವಾರ ಕ್ಯಾಂಟೀನಿಗೆ ಹೋದರೆ ಒಂದು ಮೇಜಿನವರು ಪೂರಾ ಕೈ ಎತ್ತಿ ಕೂತಿದ್ದರು. ಕ್ರೇನ್ ಏರಿ ಕೆಳಗೆ ನೋಡಿದರೆ ಸಂಕೇತ ಕೊಡಬೇಕಾದವನು ಕೈ ಎತ್ತಿ ಹಲ್ಲು ಕಿರಿಯುತ್ತಿದ್ದ. ಅವನು ಸಂಕೇತ ಕೊಡುತ್ತಿದ್ದಾನೋ ತಮಾಷೆ ಮಾಡುತ್ತಿದ್ದಾನೋ ತಿಳಿಯದೆ, ಕಾದ ಉಕ್ಕಿನ ಕೊಪ್ಪರಿಗೆಯನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡು ಕೂತಿದ್ದೇನೆ. ಎಂಟು ವಾರ ಹೀಗೇ ನಡೆಯಿತು. ಒಂದು ಹೆಣ್ಣು, ಅದರಲ್ಲೂ ಕರಿಯ ಹೆಣ್ಣು, ನಿಮ್ಮ ನಡುವೆ ಕೈ ಎತ್ತಿದರೆ ಅದಕ್ಕೆ ಎಷ್ಟು ತೆರಬೇಕು ಅನ್ನುವುದನ್ನು ನೀವೆಲ್ಲ ಸೇರಿ ನನಗೆ ಚೆನ್ನಾಗಿ ಕಲಿಸಿದಿರಿ.

ಜೂನ್ ಹತ್ತರಂದು ಪುಸ್ ಅಂದಾಗ ನನಗೆ ಮೊದಲು ಕೇಳಿಸಿದ್ದು ಆ ನಗು. ನಳಿಗೆಯಲ್ಲಿ ಗುಂಡು ಸಿಕ್ಕಿದೆಯೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲ, ಇನ್ನೊಮ್ಮೆ ನಗುತ್ತಾರೆ ಎಂದು ಯೋಚಿಸಿದೆ. ಟ್ರಿಗರ್ ಎಳೆದೆ.

ನನ್ನ ತಪ್ಪು. ನನ್ನ ಬೆರಳೇ ಎಳೆದದ್ದು. ಅದಕ್ಕೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡಿದ್ದೇನೆ. ನಿನಗೆ ಎಷ್ಟು ಹೊಲಿಗೆ ಬಿದ್ದಿವೆ, ವಾಲ್ಟರ್?

ನೀನು ಉತ್ತರ ಕೇಳಿದ್ದೆ, ನಾನು ಕೊಟ್ಟಿದ್ದೇನೆ. ಬೇಕಾದರೆ ಇದನ್ನೇ ಕಾರ್ಖಾನೆಗೆ ಕಳಿಸು. "ಕೇಳಿಸಿದರೂ ಹೊಡೆದಳು" ಅಂತ ಬರೆದರೆ ನನ್ನನ್ನು ಜನ್ಮ ಪೂರ್ತಿ ಒಲೆಗೇ ಹಾಕುತ್ತಾರೆ. ನಿನ್ನ ಹೆಸರಿಗೆ ಮಸಿ ತಾಗುವುದಿಲ್ಲ, ಟ್ರೋಫಿಗಳು ಕಪಾಟಿನಲ್ಲೇ ಹೊಳೆಯುತ್ತವೆ.

ಒಡೆಸಾ


ಟೂಸಾನ್
೫ ಸೆಪ್ಟೆಂಬರ್ ೧೯೭೮

ಮಿಸೆಸ್ ಟಬ್ಸ್ ಅವರಿಗೆ,

ಸಾಲುಗಳು ಓರೆಯಾಗಿದ್ದರೆ ಸಹಿಸಿಕೊಳ್ಳಿ. ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದಾರೆ. ಐರಿನ್ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಹಾಗಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಗಿತ್ತು. ದೀಪ ಹಿಡಿದು ಕೊಳವೆಯೊಳಗೆ ನೋಡಿದರೆ ಬೆಳಕೇ ಒಂದು ಹತ್ತಿಯುಂಡೆಯಾಗಿ ಕಣ್ಣಿಗೆ ಅಡರುತ್ತಿತ್ತು. ಮದ್ದು ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ನೋಡಿದ ಹಾಗೆ ತಲೆ ಬಗ್ಗಿಸುತ್ತಿದ್ದೆ. ಟಕ್ ಶಬ್ದ ನಂಬಿ ಕಟ್ಟುತ್ತಿದ್ದೆ. ಹಿಡಿ ಟಕ್ ಅಂದರೂ ಮದ್ದು ಒಳಗೆ ಕಟ್ಟಿಕೊಂಡು ಬೀಳದೆ ಹೋಗಬಹುದು, ಅದು ನನಗೆ ಗೊತ್ತಿತ್ತು. ನಿಮಗೆ ಬೆಂಚು ಕೊಡದೆ ಇದ್ದದ್ದೂ ಅದಕ್ಕೇ. ಪಕ್ಕದಲ್ಲಿ ಕೂತರೆ ನಾನು ಕುರುಡ ಅನ್ನುವುದು ಒಂದೇ ಸಂಜೆಗೆ ನಿಮಗೆ ತಿಳಿಯುತ್ತಿತ್ತು.

ಈಗ ಏಪ್ರಿಲ್ ಹದಿನೈದರ ವಿಷಯ. ಇದು ನಿಮಗೆ ಗೊತ್ತಿಲ್ಲ. ಆ ತೋಟಾ ನಿಜವಾಗಿಯೂ ಸೊರಗಿತ್ತು. ಗುರಿಹಲಗೆಯಲ್ಲಿ ನಿಮ್ಮ ಎರಡನೇ ತೂತು ಉಳಿದವಕ್ಕಿಂತ ಎರಡು ಬೆರಳು ಕೆಳಗೆ ಬಿದ್ದಿತ್ತು. ಇದ್ದುದರಲ್ಲಿ ವಾಸಿಯಾದ ಕಣ್ಣನ್ನು ದುರ್ಬೀನಿಗೆ ಇಟ್ಟು ನೋಡಿದೆ. ಮದ್ದು ಕಡಿಮೆ ಬಿದ್ದಿದೆ, ನನ್ನ ಕೈ ಕೆಟ್ಟಿದೆ ಅನ್ನುವುದು ಆ ಕ್ಷಣವೇ ತಿಳಿಯಿತು. ಹಾಫೆಕರ್ ಹಲಗೆ ನೋಡುವ ಮುಂಚೆ ನಾನು ನಗು ಎಬ್ಬಿಸಿದೆ. ಎಲ್ಲರೂ ನಗುವಾಗ ಯಾರೂ ಹಲಗೆ ನೋಡುವುದಿಲ್ಲ.

ನಿಮ್ಮ ಕಾಗದ ಬರುವ ತನಕ ನಾನು ಮುಚ್ಚಿದ್ದು ನನ್ನ ಕಣ್ಣನ್ನು ಮಾತ್ರ ಅಂದುಕೊಂಡಿದ್ದೆ. ನಿಮ್ಮ ಕೈಯನ್ನೂ ಅಂದೇ ಕಟ್ಟಿ ಹಾಕಿದ್ದೆ ಅನ್ನುವುದು ಈಗ ತಿಳಿಯಿತು. 'ಕೈ ಯಾಕೆ ಎತ್ತಲಿಲ್ಲ' ಅಂತ ನಾನೇ ಕೇಳುತ್ತಾ ಕೂತೆ.

ಇದರ ಜೊತೆ ಮೂರು ವಸ್ತು ಇವೆ. ಆ ಪೆಟ್ಟಿಗೆಯ ಚೀಟಿ, ನನ್ನ ಅಕ್ಷರದಲ್ಲಿ. ಕಾರ್ಖಾನೆಗೆ ಬರೆದ ಹೇಳಿಕೆ, ಐರಿನ್ ಮತ್ತು ಕಣ್ಣಿನ ಡಾಕ್ಟರರ ಸಾಕ್ಷಿ ಸಹಿ ಸಮೇತ. ಹನ್ನೊಂದು ವರ್ಷ ತಂಡಕ್ಕೆ ನಾನೇ ಕಟ್ಟಿದೆ, ಆ ಪೆಟ್ಟಿಗೆ ನನ್ನದು, ನನಗೆ ಕಾಣುತ್ತಿರಲಿಲ್ಲ, ಏಪ್ರಿಲಿನ ತೂತನ್ನು ನಾನು ಮುಚ್ಚಿಟ್ಟೆ. ಇಷ್ಟು ಬರೆದಿದ್ದೇನೆ. ಇಪ್ಪತ್ತೈದು ಖಾಲಿ ಕೊಳವೆಗಳೂ ಇವೆ.

ನಿಮಗೆ ಶಬ್ದ ಕೇಳಿಸಿತು ಅನ್ನುವುದನ್ನು ಬರೆದಿಲ್ಲ. ಅದು ನಿಮ್ಮದು. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಭಾರವನ್ನೂ ನಿಮ್ಮ ಮೇಲೆ ಹೊರಿಸಿದ ಹಾಗಾಗುತ್ತದೆ.

ವಾಲ್ಟರ್ ಹ್ರಾಬಿಕ್


ಹ್ಯಾರೋ ಕ್ರೀಕ್
೧೬ ಅಕ್ಟೋಬರ್ ೧೯೭೮

ಮಿಸ್ಟರ್ ಹ್ರಾಬಿಕ್,

ನಿಮ್ಮ ಪೊಟ್ಟಣ ಸೆಪ್ಟೆಂಬರ್ ಒಂಬತ್ತಕ್ಕೆ ಬಂತು. ಏಪ್ರಿಲಿನ ಸಂಗತಿ ಓದಿದ ಮೇಲೆ ನಿಮ್ಮ ಮೇಲಿನ ಸಿಟ್ಟು ಇಳಿಯಲಿಲ್ಲ, ಏರಿತು. ದಡ್ಡತನದಿಂದ ನಕ್ಕಿದ್ದರೆ ಮರೆಯುತ್ತಿದ್ದೆನೋ ಏನೋ. ನಾನು ಸರಿ ಅಂತ ಗೊತ್ತಿದ್ದೂ ನಕ್ಕಿರಿ. ಒಂದು ತೂತು ಮುಚ್ಚಲು ಒಬ್ಬಳನ್ನು ಊರ ನಗೆಪಾಟಲು ಮಾಡಿದಿರಿ. ಈ ಊರಿನಲ್ಲಿ ಎಷ್ಟು ನಗು ಹೀಗೆ ಹುಟ್ಟಿದ್ದೋ ಅಂತ ಒಲೆಯ ಮೇಲೆ ನಿಂತು ಲೆಕ್ಕ ಹಾಕಿದೆ. ಲೆಕ್ಕ ಮುಗಿಯಲಿಲ್ಲ.

ವಿಚಾರಣೆಯಲ್ಲಿ ನಿಮ್ಮ ಹೇಳಿಕೆ ಓದಿದರು. ಹಾಫೆಕರನ ಮುಖ ಬೇಯಿಸಿದ ಕೋಸಿನ ಹಾಗಾಯಿತು. ಸುರಕ್ಷತಾ ಅಧಿಕಾರಿ ಕಡತ ಮುಚ್ಚಿ, "ಸರಿ ಹಾಗಾದ್ರೆ, ಇವರದ್ದೇನೂ ತಪ್ಪಿಲ್ಲ" ಅಂದ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಯೂನಿಯನ್ನಿನವನು ನನ್ನ ತೋಳು ಹಿಡಿದು ಎಬ್ಬಿಸುತ್ತಿದ್ದ. ನಾನು ಕೂತೇ ಇದ್ದೆ. ಕೈ ಎತ್ತಿದೆ.

"ಏನಮ್ಮ?" ಅಂದ ಅಧಿಕಾರಿ.

"ಆ ಶಬ್ದ ನಂಗೆ ಕೇಳಿಸ್ತು. ಕೇಳಿಸಿದ್ರೂ ಹೊಡೆದೆ" ಅಂದೆ.

ಯೂನಿಯನ್ನಿನವನು ತಲೆ ಮೇಲೆ ಕೈ ಹೊತ್ತ. ನಾನು ಏಪ್ರಿಲಿನಿಂದ ಹಿಡಿದು ಎಲ್ಲ ಹೇಳಿದೆ. ಕ್ಯಾಂಟೀನು, ಕ್ರೇನಿನ ಕೆಳಗೆ ಹಲ್ಲು ಕಿರಿದವನು, ಎಲ್ಲ. ಕೊನೆಗೆ ಹೇಳಿದೆ: "ಮೇಲೆ ಕೂತಾಗ ಕೊಕ್ಕೆ ಜಾರ್ತಿದೆ ಅನ್ನಿಸಿದ್ರೆ ನಾನು ಗಂಟೆ ಹೊಡೀಬೇಕು. ಹತ್ತು ಸಲ ಸುಮ್ಮನೆ ಹೊಡೆದಿದ್ದಾಳೆ ಅಂತ ನೀವು ನಕ್ರೆ, ಹನ್ನೊಂದನೇ ಸಲ ನನ್ನ ಕೈ ಗಂಟೆಗೆ ಹೋಗಲ್ಲ. ಆವಾಗ ಕೆಳಗಿರೋರು ಸಾಯ್ತಾರೆ. ಅದು ನನ್ನ ಕೈಯ ತಪ್ಪೋ ನಿಮ್ಮ ನಗುವಿನ ತಪ್ಪೋ, ಈಗಲೇ ಬರ್ಕೊಳ್ಳಿ."

ಅವನು ಬರೆದುಕೊಳ್ಳಲಿಲ್ಲ. ಪೆನ್ನು ಮಾತ್ರ ತಿರುಗಿಸುತ್ತಿದ್ದ. ಎರಡು ವಾರ ಬಿಟ್ಟು ತೀರ್ಪು ಬಂತು. ಕ್ರೇನ್ ಸಿಕ್ಕಿತು. ಜೊತೆಗೆ ನನ್ನ ಹೆಸರಿಗೆ ಒಂದು ಎಚ್ಚರಿಕೆ ಪತ್ರವೂ ಸಿಕ್ಕಿತು, "ಅಪಾಯ ತಿಳಿದೂ ಮುಂದುವರಿದದ್ದಕ್ಕೆ". ನಕ್ಕವರಿಗೆ ಯಾವ ಪತ್ರವೂ ಹೋಗಲಿಲ್ಲ. ಎಚ್ಚರಿಕೆ ಪತ್ರವನ್ನು ಕ್ರೇನಿನ ಗೂಡಿನಲ್ಲಿ, ಗಂಟೆಯ ಹಗ್ಗದ ಪಕ್ಕಕ್ಕೆ ಅಂಟಿಸಿದ್ದೇನೆ.

ವಿಚಾರಣೆ ಮುಗಿದ ವಾರವೇ ಕ್ಲಬ್ಬಿಗೆ ಹೋದೆ. ಹೋಗದಿದ್ದರೆ ಗೆಲ್ಲುವವರು ಅವರು. ನಿಮ್ಮ ಬೆಂಚಿನ ಮೇಲೆ ಹಾಫೆಕರ್ ತನ್ನ ಟೋಪಿ ಇಟ್ಟಿದ್ದ. ತೆಗೆದು ಪಕ್ಕಕ್ಕಿಟ್ಟು ಕೂತೆ. ಒಂದು ತಿಂಗಳು ಕಲಿತೆ. ಬಗ್ಗದ ಬೆರಳಿನಿಂದ ಕೇಪು ಕೂರಿಸುವುದು ಕಷ್ಟ, ನಿಧಾನ. ನಿಧಾನವಾದರೇನು.

ಮೊನ್ನೆ ಶನಿವಾರ, ಅಕ್ಟೋಬರ್ ಹದಿನಾಲ್ಕು, ಪಂದ್ಯ ಇತ್ತು. ಎರವಲು ರಿವಾಲ್ವರು, ನಾನೇ ಕಟ್ಟಿದ ತೋಟಾ, ಟ್ರಿಗರಿಗೆ ನಡುಬೆರಳು. ಕ್ಷಿಪ್ರ ಸುತ್ತಿನ ನಾಲ್ಕನೆಯದು ನನ್ನ ಕಿವಿಗೆ ಸಣ್ಣಗೆ ಕೇಳಿಸಿತು. ನಿಲ್ಲಿಸಿದೆ. ಎಡಗೈ ಜೇಬಿನಿಂದ ತೆಗೆದು ಎತ್ತಿದೆ. ಸಾಲು ನಿಂತಿತು. ಹಾಫೆಕರ್ ಕಡ್ಡಿ ತೂರಿಸಿದ. ನಳಿಗೆ ಸಾಫಾಗಿತ್ತು. ಹಲಗೆಯ ಮೇಲೆ ಹೊಡೆದ ನಾಲ್ಕಕ್ಕೂ ನಾಲ್ಕು ತೂತು, ಒಂದೂ ಕೆಳಗೆ ಬಿದ್ದಿರಲಿಲ್ಲ. ತೋಟಾ ಸರಿಯಾಗೇ ಇತ್ತು, ತಪ್ಪಿದ್ದು ನನ್ನ ಕಿವಿ.

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದ. ಒಬ್ಬನೇ. ಮಿಕ್ಕವರು ನೆಲ ನೋಡುತ್ತಿದ್ದರು. ಅವನು ನಕ್ಕು ಮುಗಿಸುವ ತನಕ ನಾನು ಎತ್ತಿದ ಕೈ ಇಳಿಸಲಿಲ್ಲ. ಆಮೇಲೆ ಸುತ್ತನ್ನು ಮತ್ತೆ ಹೊಡೆದೆ.

ನಾವು ಸ್ನೇಹಿತರಲ್ಲ. ಮುಂದೆ ಕಾಗದ ಬರೆಯಬೇಡಿ, ನಾನೂ ಬರೆಯುವುದಿಲ್ಲ. ನಿಮ್ಮ ಖಾಲಿ ಕೊಳವೆಗಳಿಗೆ ನಾನೇ ಮದ್ದು ತುಂಬಿ ಕಟ್ಟಿದ್ದೇನೆ. ಆ ಪೆಟ್ಟಿಗೆಯ ಚೀಟಿಯ ನಕಲು ಇದರೊಂದಿಗಿದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಓದಿಕೊಳ್ಳಿ.

ಕಟ್ಟಿದವಳು: ಒಡೆಸಾ ಟಬ್ಸ್
ತಾರೀಖು: ೯ ಅಕ್ಟೋಬರ್ ೧೯೭೮
ತೋಟಾ: ಇಪ್ಪತ್ತೈದು
ಗುಂಡು ಒತ್ತುವ ಮೊದಲು ದೀಪ ಹಿಡಿದು ಇಪ್ಪತ್ತೈದರ ಒಳಗೂ ನೋಡಿದ್ದೇನೆ. ನನಗೆ ಕಂಡಿದೆ.